ಭೂಗರ್ಭಶಾಸ್ತ್ರವೂ ನಮ್ಮ ಗುಡ್ಡಗಳೂ

ಮಳೆಗಾಲದೊಡನೆ ವಿದ್ಯಾವರ್ಷವೂ ಆರಂಭವಾಗುವುದು ನಮ್ಮ ಕರಾವಳಿಯ ವಾಡಿಕೆ. ಅದೇ ದಿನಗಳಲ್ಲಿ ಗುಡ್ಡ ಜರಿದ ವಾರ್ತೆಗಳೂ ಒಂದರ ಹಿಂದೊಂದಾಗಿ ಬರತೊಡಗುತ್ತವೆ. ಈ ಎರಡಕ್ಕೂ ಏನಾದರೂ ಸಂಬಂಧವುಂಟೆ ಎಂದು ವಿಚಾರಿಸಿದವರು ವಿರಳ. ಸಂಬಂಧವುಂಟೆಂದೇ ನಮ್ಮ ಅಭಿಪ್ರಾಯ. ಅದನ್ನು ವಾಚಕರ ಮುಂದೆಯೂ, ವಿದ್ಯಾಭ್ಯಾಸದ ಸೂತ್ರಗಳನ್ನು ಕೈಯಲ್ಲಿ ಹಿಡಿದ ಅಧಿಕಾರಿವರ್ಗದವರ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳೂ ಶಿರಾಡಿ ಘಾಟಿಯ ಬರೆಗಳೂ ಜರಿದುವು; ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ ಹಳಿಗಳ ಮೇಲೆ ಮಣ್ಣು ಬಿದ್ದು ರೈಲು ಸಂಚಾರವು ವಾರಗಟ್ಟಲೆ ನಿಂತುಹೋಯಿತು. 2020ನೆಯ ಇಸವಿಯ ಜುಲೈ 5ರಂದು ಮಂಗಳೂರಿಗೆ ಸಮೀಪದ ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡವು ಮನೆಯ ಮೇಲೆ ಕುಸಿದು ಇಬ್ಬರು ಮಕ್ಕಳು ಮಣ್ಣಿನಡಿಯಲ್ಲಿ ಪ್ರಾಣ ನೀಗಿದರು. 2024ನೆಯ ಇಸವಿಯ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲ ಗುಡ್ಡವು ದಾರಿಯನ್ನೂ, ದಾರಿಬದಿಯ ಹೋಟೆಲನ್ನೂ, ಅಲ್ಲಿದ್ದ ಜನರನ್ನೂ ಗಂಗಾವಳಿ ಹೊಳೆಗೆ ನೂಕಿತು. ಇಂತಹ ಪ್ರತಿಯೊಂದು ಅನಾಹುತದ ತರುವಾಯವೂ ನಾವು ಕೇಳುವ ಸಮಾಧಾನವು ಒಂದೇ: ಈ ವರ್ಷ ಮಳೆ ವಿಪರೀತವಾಯಿತು. ಮಳೆಯನ್ನು ನಾವು ಪಾರುಮಾಡಲು ಹೊರಟಿಲ್ಲ. ಮಳೆಯ ಹೊಡೆತವು ಇತ್ತೀಚೆಗೆ ಹೆಚ್ಚು ಬಿರುಸಾಗಿದೆಯೆಂದು ಹವಾಮಾನಶಾಸ್ತ್ರಜ್ಞರೂ ಹೇಳುತ್ತಾರೆ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲಕ್ಕೆ ಮಳೆಯು ಹೊಸ ಅತಿಥಿಯಲ್ಲ. ಗುಡ್ಡದ ಬುಡವನ್ನು ಯಂತ್ರದಿಂದ ನೆಟ್ಟಗೆ ಕಡಿದು, ಅದರ ಕೆಳಗೆ ಮನೆಯನ್ನೋ ರಸ್ತೆಯನ್ನೋ ಮಾಡುವ ರೂಢಿಯಾದರೋ ಹೊಸದು.

ನಮ್ಮ ಗುಡ್ಡಗಳ ರಚನೆಯನ್ನು ಬಲ್ಲವರು ಹಾಗೆ ಕಡಿಯಲು ಹೆದರುವರು. ಮಂಗಳೂರಿನ ಸುತ್ತಣ ಪದವುಗಳ ಮೇಲ್ಪದರವು ಮುರಕಲ್ಲು. ಬಯಲುಸೀಮೆಯವರು ಜಂಬಿಟ್ಟಿಗೆಯೆನ್ನುವುದು ಇದನ್ನೇ. ತಲೆಯ ಮೇಲಿನ ಪದರವು ಗಟ್ಟಿ, ಒಳಗೆಲ್ಲ ತೂತುಗಳು, ಸುರಿದ ನೀರನ್ನು ಅದು ಹೀರಿ ಕೆಳಕ್ಕೆ ಬಿಡುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ನುಣ್ಣನೆಯ ಮಣ್ಣಿನ ಪದರವುಂಟು. ನಮ್ಮ ಜನರು ಅದನ್ನು ಶೇಡಿ ಎನ್ನುತ್ತಾರೆ. ಇನ್ನೂ ಕೆಳಗೆ ಅರೆಕೊಳೆತ ಕಲ್ಲು, ಕಟ್ಟಕಡೆಗೆ 250 ಕೋಟಿ ವರ್ಷಗಳಿಗಿಂತಲೂ ಹಳೆಯದಾದ ಕರಿಬಂಡೆ. ಶೇಡಿಯ ಗುಣವು ವಿಚಿತ್ರವಾದುದು. ಒಣಗಿದ್ದಾಗ ಹಾರೆಗೂ ಸುಲಭದಲ್ಲಿ ಜಗ್ಗದು. ನೀರುಂಡಾಗ ತನ್ನ ಬಲವನ್ನೆಲ್ಲ ಬಿಟ್ಟುಕೊಟ್ಟು ಜಾರುತ್ತದೆ. ಮುರದ ಮುಚ್ಚಳವಿದ್ದು, ಗಿಡಮರಗಳ ಹೊದಿಕೆಯಿದ್ದು, ಇಳಿಜಾರು ಸಹಜವಾಗಿರುವ ತನಕ ಅದು ತೆಪ್ಪಗಿರುತ್ತದೆ. ಬುಡ ಕಡಿದು ಅದನ್ನು ಬಯಲಿಗೆಳೆದು, ಮೇಲಿನ ನೀರಿಗೆ ಬೇರೆ ದಾರಿ ತೋರದೆ ಬಿಟ್ಟರೆ, ಆಷಾಢದ ಒಂದು ರಾತ್ರಿಯ ಮಳೆ ಸಾಕು. ಸುರತ್ಕಲ್ಲಿನ ಇಂಜಿನಿಯರಿಂಗ್ ವಿದ್ಯಾಸಂಸ್ಥೆಯವರು ಈ ಮಣ್ಣಿನ ಬಲಾಬಲಗಳನ್ನು ಅಳೆದು ಅನೇಕ ಪ್ರಬಂಧಗಳನ್ನು ಬರೆದಿದ್ದಾರೆ. ಅಂದರೆ ಜ್ಞಾನದ ಕೊರತೆ ನಮಗಿಲ್ಲ. ಆ ಜ್ಞಾನವು ಪ್ರಬಂಧದಿಂದಿಳಿದು ಮನೆ ಕಟ್ಟುವವನ, ಪರವಾನಗಿ ಕೊಡುವವನ, ರಸ್ತೆಗೆ ಗುರುತು ಹಾಕುವವನ ತಲೆಗೆ ಸೇರಿಲ್ಲವೆಂಬುದೇ ಕೊರತೆ. ಅದನ್ನು ಸೇರಿಸಬೇಕಾದ ದಾರಿಯು ಕಾಲೇಜಿನದು.

ಆ ದಾರಿಯಲ್ಲಿ ಏನು ನಡೆಯುತ್ತಿದೆ? ಭೂಗರ್ಭಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳೇ ನಮ್ಮಲ್ಲಿ ಕಡಮೆ. ಓದುವವರಿಗೂ ದೇಶದ ಎಷ್ಟೋ ಕಾಲೇಜುಗಳಲ್ಲಿ ಶಾಸ್ತ್ರವು ಮರದ ಪೆಟ್ಟಿಗೆಯಲ್ಲಿ ಸಿಗುತ್ತದೆ. ಪೆಟ್ಟಿಗೆಯ ಗೂಡುಗಳಲ್ಲಿ ಚೀಟಿ ಅಂಟಿಸಿದ ಕಲ್ಲುಗಳು, ಪರೀಕ್ಷೆಯ ದಿನ ಚೀಟಿ ಮುಚ್ಚಿ ಹೆಸರು ಕೇಳುವುದು, ಹೇಳಿದವನು ಉತ್ತೀರ್ಣ. ವೇಲ್ಸ್ ಪ್ರಾಂತದಿಂದಲೂ ಡೆವನ್ ಪ್ರಾಂತದಿಂದಲೂ ಹೆಸರು ಪಡೆದ ಕೇಂಬ್ರಿಯನ್, ಡಿವೋನಿಯನ್ ಕಾಲಗಳನ್ನು ಕ್ರಮವಾಗಿ ಒಪ್ಪಿಸಬಲ್ಲ ತರುಣನು, ತನ್ನ ಮನೆಯ ಗೋಡೆಯ ಕಲ್ಲು ಯಾವ ಕಾರಣದಿಂದ ಕೆಂಪಾಯಿತೆಂದು ಕೇಳಿದರೆ ತಡವರಿಸುತ್ತಾನೆ. ಇದು ಅವನ ಅಪರಾಧವಲ್ಲ. ಆ ಗೋಡೆಯೆದುರು ಅವನನ್ನು ಯಾರೂ ನಿಲ್ಲಿಸಿರಲಿಲ್ಲ.

ಭೂಗರ್ಭಶಾಸ್ತ್ರವು ಕೊಠಡಿಯಲ್ಲಿ ಹುಟ್ಟಿದ ಶಾಸ್ತ್ರವಲ್ಲವೆಂಬುದನ್ನು ನಮ್ಮ ವಿದ್ಯಾಧಿಕಾರಿಗಳಿಗೆ ನೆನಪಿಸಬೇಕಾಗಿದೆ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ವ್ಯವಸಾಯ ಮಾಡಿದವನು. 1788ರಲ್ಲಿ ಆತನು ದೋಣಿಯೇರಿ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನ ಬಂಡೆಯನ್ನು ಕಂಡಾಗ ಭೂಮಿಯ ವಯಸ್ಸಿನ ವಿಷಯದಲ್ಲಿ ಯೂರೋಪಿನ ಎಣಿಕೆಯೇ ಬದಲಾಗತೊಡಗಿತು. 1815ರಲ್ಲಿ ಇಂಗ್ಲೆಂಡಿನ ಭೂಸ್ತರಗಳ ನಕ್ಷೆಯನ್ನು ಪ್ರಕಟಿಸಿದ ವಿಲಿಯಂ ಸ್ಮಿತ್ ಕಾಲುವೆ ತೋಡಿಸುವ ಮೋಜಣಿದಾರ. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ನಾಮವನ್ನಿತ್ತ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ. ಟಿಪ್ಪುವಿನ ಪತನದ ತರುವಾಯ, 1800–01ರಲ್ಲಿ, ಕಂಪೆನಿ ಸರಕಾರದ ಆಜ್ಞೆಯಂತೆ ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳ ಬೇಸಾಯವನ್ನೂ ಕೈಗಾರಿಕೆಯನ್ನೂ ಪರಿಶೀಲಿಸಲು ಸುತ್ತಿದವನು. ನೆಲದಲ್ಲಿರುವಾಗ ಕತ್ತಿಗೆ ಸಿಕ್ಕುವಷ್ಟು ಮೆದುವಾಗಿದ್ದು, ಗಾಳಿಗೆ ಬಿದ್ದೊಡನೆ ಇಟ್ಟಿಗೆಯಂತೆ ಗಡುಸಾಗುವ ಕಲ್ಲನ್ನು ಅವನು ಅಂಗಾಡಿಪುರದ ಬಳಿ ಕಂಡು, 1807ರಲ್ಲಿ ಅಚ್ಚಾದ ಗ್ರಂಥದಲ್ಲಿ ವರ್ಣಿಸಿದನು. ದೇಶಭಾಷೆಗಳಲ್ಲಿ ಇದಕ್ಕೆ ಇಟ್ಟಿಗೆಕಲ್ಲು ಎಂಬ ಹೆಸರಿರುವುದನ್ನು ಅವನೇ ಗುರುತಿಸಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಮೆರೆಯುವ ಆ ಪದವು ನಮ್ಮ ಕಲ್ಲುಕುಟಿಗರ ಮಾತಿನ ಭಾಷಾಂತರವೆಂದರೆ ತಪ್ಪಾಗದು. ಅದನ್ನೇ ನಮ್ಮ ಮಕ್ಕಳು ಪರದೇಶದ ಪದವೆಂದು ಬಾಯಿಪಾಠ ಮಾಡುತ್ತಿರುವುದು ವಿಷಾದದ ಸಂಗತಿ.

ನಮ್ಮ ದೇಶದಲ್ಲಿಯೂ ಮೇಲ್ಪಂಕ್ತಿಯಿಲ್ಲದೆ ಇಲ್ಲ. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಭೂಗರ್ಭಶಾಸ್ತ್ರಜ್ಞನಾಗಿದ್ದನು. 1894ರಲ್ಲಿ ಸ್ಥಾಪಿತವಾದ ಮೈಸೂರು ಭೂಗರ್ಭ ಇಲಾಖೆಯ ಮೊದಲ ಮುಖ್ಯಸ್ಥನೂ ಆತನೇ. ಕಲ್ಲನ್ನು ಬಲ್ಲವನಿಗೆ ಮನುಷ್ಯನ ಚರಿತ್ರೆಯೂ ತೆರೆದುಕೊಂಡಿತು. 1907ರಲ್ಲಿ ಜಮ್ಮುವಿನ ಕಾಲೇಜಿನ ಅಧ್ಯಾಪಕರಾದ ಡಿ. ಎನ್. ವಾಡಿಯಾರವರು ಬಿಡುವಿನ ದಿನಗಳನ್ನು ಹಿಮಾಲಯದ ತಪ್ಪಲಿನಲ್ಲಿಯೇ ಕಳೆದು, ಭಾರತೀಯ ವಿದ್ಯಾರ್ಥಿಗಳಿಗೆ ಭಾರತದ ನೆಲದ ಉದಾಹರಣೆಗಳಿಂದಲೇ ಪಾಠ ಹೇಳುವ ಗ್ರಂಥವನ್ನು 1919ರಲ್ಲಿ ಹೊರತಂದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ದೇಶದ ಮುಂದಿಟ್ಟ ಶಿಕ್ಷಣಯೋಜನೆಯ ತಿರುಳೂ ಇದೇ ಆಗಿತ್ತು: ಕೈಯ ಕಸುಬನ್ನೂ ಸುತ್ತಣ ನೆಲವನ್ನೂ ಬುಡವಾಗಿಟ್ಟುಕೊಂಡು ಉಳಿದ ವಿಷಯಗಳನ್ನು ಅದರ ಕೊಂಬೆಗಳಾಗಿ ಬೆಳೆಸುವುದು. ಚಿಕ್ಕಮಕ್ಕಳಿಗಾಗಿ ಹೇಳಿದ ಆ ಮಾತು ಕಾಲೇಜಿನ ಭೂಗರ್ಭಶಾಸ್ತ್ರಕ್ಕೆ ಹೊಂದುವಷ್ಟು ಬೇರಾವ ವಿಷಯಕ್ಕೂ ಹೊಂದದು.

ಮುರಕಲ್ಲಿನ ಒಂದು ಕೋರೆಯನ್ನೇ ತೆಗೆದುಕೊಳ್ಳೋಣ. ಕಲ್ಲಿನಲ್ಲಿದ್ದ ಇತರ ಲವಣಗಳು ಮಳೆನೀರಿನಲ್ಲಿ ಕರಗಿಹೋಗಿ ಕಬ್ಬಿಣವೂ ಅಲ್ಯುಮಿನಿಯಮೂ ಉಳಿದುದು ಹೇಗೆಂದು ತಿಳಿಸಬೇಕಾದವನು ರಸಾಯನಶಾಸ್ತ್ರಜ್ಞ. ತೂತುಗಳಲ್ಲಿ ನೀರು ಇಳಿಯುವ ವೇಗವನ್ನು ಅಳೆಯುವುದು ಭೌತಶಾಸ್ತ್ರದ ಕೆಲಸ. ಪದವಿನ ಮೇಲೆ ಗೇರುಮರ ಬೆಳೆಯುವುದೂ, ಬೈಲಿನಲ್ಲಿ ಭತ್ತ ಅಡಕೆಗಳು ಬೆಳೆಯುವುದೂ ಏತಕ್ಕೆಂದು ಕೃಷಿಯನ್ನು ಬಲ್ಲವನು ಹೇಳಬೇಕು. ಅದೇ ಕಲ್ಲು ದೇವಸ್ಥಾನದ ಅಡಿಪಾಯವಾಗಿ, ಕೋಟೆಯ ಗೋಡೆಯಾಗಿ ಶತಮಾನಗಳನ್ನು ತಡೆದು ನಿಂತಿರುವುದು ಚರಿತ್ರೆಯ ಪಾಠ. ಕಲ್ಲು ತೆಗೆದು ಬಿಟ್ಟ ಹೊಂಡವು ಯಾರ ಹೊಣೆಯೆಂಬುದು ಅರ್ಥಶಾಸ್ತ್ರಕ್ಕೂ ನ್ಯಾಯಶಾಸ್ತ್ರಕ್ಕೂ ಸೇರಿದ ಪ್ರಶ್ನೆ. ಒಂದೊಂದು ಶಾಸ್ತ್ರಕ್ಕೆ ಒಂದೊಂದು ಕೊಠಡಿಯನ್ನು ನಾವು ಕಟ್ಟಿಕೊಂಡಿದ್ದೇವೆ; ಗುಡ್ಡವಾದರೋ ಆ ಗೋಡೆಗಳನ್ನು ಅರಿಯದು. ಐದಾರು ವಿಭಾಗಗಳ ಅಧ್ಯಾಪಕರು ಒಂದು ದಿನ ಒಟ್ಟಾಗಿ ಕೋರೆಯಂಚಿನಲ್ಲಿ ನಿಂತರೆ ವಿದ್ಯಾರ್ಥಿಗಳು ಕಲಿಯುವಷ್ಟನ್ನು, ಆ ಅಧ್ಯಾಪಕರು ಬೇರೆಬೇರೆಯಾಗಿ ಒಂದು ವರ್ಷ ಉಪನ್ಯಾಸ ಮಾಡಿದರೂ ಕಲಿಸಲಾರರೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಮಂಗಳೂರಿನಷ್ಟು ಅನುಕೂಲವಾದ ಪಾಠಶಾಲೆ ಈ ಶಾಸ್ತ್ರಕ್ಕೆ ದೊರೆಯುವುದು ಅಪರೂಪ. 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದುದು ಹೊಳೆದಂಡೆಯ ಆವೆಮಣ್ಣನ್ನು ನಂಬಿ. ಆ ಮಣ್ಣು ನೇತ್ರಾವತಿಯೂ ಗುರುಪುರ ಹೊಳೆಯೂ ಘಟ್ಟದಿಂದಲೂ ಪದವುಗಳಿಂದಲೂ ಹೊತ್ತುತಂದುದು. ಮಂಗಳೂರು ಹೆಂಚು ಸಮುದ್ರದಾಚೆಗೂ ಹೆಸರಾದ ಕಥೆಯು ಹೊಳೆಯೊಂದರ ಕೆಲಸದಿಂದ ಮೊದಲಾಗುತ್ತದೆ. ಅದೇ ಎರಡು ಹೊಳೆಗಳು ಕೂಡುವ ಅಳಿವೆಯ ಬಾಗಿಲಿನಲ್ಲಿ ಬೆಂಗ್ರೆಯ ಮರಳದಿಣ್ಣೆ ಬೆಳೆಯುವುದನ್ನೂ, ಉಳ್ಳಾಲದ ಕಡೆ ಕಡಲು ದಂಡೆಯನ್ನು ಕೊರೆಯುವುದನ್ನೂ ಒಂದೇ ದಿನದಲ್ಲಿ ನೋಡಿಬರಬಹುದು. ಕಡಲಿಗೂ ಹೊಳೆಗೂ ನಡುವೆ ಚಾಚಿದ ಮರಳಿನ ಮೇಲಣ ಊರಿಗೆ ತಣ್ಣೀರುಬಾವಿಯೆಂಬ ಹೆಸರುಂಟು. ಎರಡು ಕಡೆಯೂ ಉಪ್ಪಿರುವಲ್ಲಿ ಕುಡಿಯುವ ನೀರು ಹೇಗೆ ನಿಂತೀತು? ಮಳೆಯ ಸಿಹಿನೀರು ಹಗುರವಾದುದರಿಂದ ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುವುದು. ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲಕ್ಕೇರುವುದು. ಮಲ್ಪೆಯ ಹೊರಗಿನ ಸೈಂಟ್ ಮೇರಿ ದ್ವೀಪಗಳಲ್ಲಿ ಲಾವಾರಸವು ಆರಿ ಆರು ಮೂಲೆಯ ಕಂಬಗಳಾಗಿ ನಿಂತಿರುವ ಶಿಲೆಯು, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ನಮ್ಮ ತೀರದಿಂದ ಬೇರ್ಪಟ್ಟುದಕ್ಕೆ ಸಾಕ್ಷಿ. ಘಟ್ಟ ಹತ್ತಿದರೆ ಕುದುರೆಮುಖದ ಕಬ್ಬಿಣದ ಅದಿರು. ಅದನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದುದೂ, ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಗಣಿಯು ನಿಂತುದೂ, ಅದಿರಿಗೂ ಅಡವಿಗೂ ನಡುವಣ ವ್ಯಾಜ್ಯವನ್ನು ತಿಳಿಯಲು ಸಾಲುವಷ್ಟು ದೊಡ್ಡ ಪಾಠ. ಕೊಣಾಜೆಯ ಗುಡ್ಡದ ಮೇಲೆ 1980ರಲ್ಲಿ ನಮ್ಮ ಜಿಲ್ಲೆಗಳಿಗೆಂದೇ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಸಾಗರ ಭೂಗರ್ಭಶಾಸ್ತ್ರಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ತೆರೆದುದು ಈ ಸಂಪತ್ತನ್ನು ಅರಿತೇ ಇರಬೇಕು.

ಹೆಸರುಗಳಲ್ಲಿಯೂ ಶಾಸ್ತ್ರವಡಗಿದೆ. ಪದವು, ಬೈಲು, ಪಾದೆ, ಕುದ್ರು, ಅಳಿವೆ, ಮುರ, ಶೇಡಿ: ಇವು ನಮ್ಮ ರೈತನ ಬಾಯಲ್ಲಿ ದಿನವೂ ಓಡಾಡುವ ಮಾತುಗಳು. ಒಂದೊಂದೂ ಒಂದು ಭೂರೂಪವನ್ನು ನಿಖರವಾಗಿ ಸೂಚಿಸುತ್ತದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಈ ಮಾತುಗಳ ಮೂಲಕ ಪಾಠವನ್ನು ತೊಡಗಿದರೆ ಅವನು ಅರ್ಧ ದಾರಿಯನ್ನು ಆಗಲೇ ನಡೆದುಬಂದಿರುತ್ತಾನೆ. ಪುತ್ತೂರಿನಲ್ಲಿ ಕುಳಿತು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದ ಶಿವರಾಮ ಕಾರಂತರ ನಾಡಿನಲ್ಲಿ, ಕನ್ನಡದಲ್ಲಿ ವಿಜ್ಞಾನ ಸಾಧ್ಯವೆ ಎಂಬ ಶಂಕೆಯನ್ನು ಮತ್ತೆ ಎತ್ತಬೇಕಾಗಿಲ್ಲ.

ಈ ಸಂದರ್ಭದಲ್ಲಿ ನಾವು ಒಬ್ಬ ಗುರುವನ್ನು ಸ್ಮರಿಸದಿರಲಾರೆವು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಅಡಕೆ ತೆಂಗುಗಳ ಮರವೇರಿ ಕೂಲಿ ಮಾಡುತ್ತಿದ್ದವರು. ನೀರಿಲ್ಲದ ಬೋಳುಗುಡ್ಡವೊಂದು ಅವರಿಗೆ ದೊರಕಿತು. ಹಗಲೆಲ್ಲ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ದೀಪ ಹಿಡಿದು ಗುಡ್ಡದ ಮಗ್ಗುಲಿಗೆ ಸುರಂಗ ಕೊರೆದರು. ವರ್ಷಗಟ್ಟಲೆ ದುಡಿದ ಸುರಂಗಗಳು ಒಂದರ ಮೇಲೊಂದು ಒಣಗಿಯೇ ಉಳಿದುವು. ಕೈಬಿಡಲಿಲ್ಲ, ಕೊನೆಗೆ ನೀರು ಒಸರಿತು, ಬೋಳುಗುಡ್ಡವು ತೋಟವಾಯಿತು. 2022ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಬಂಟ್ವಾಳದಿಂದ ಕಾಸರಗೋಡಿನ ತನಕ ಇಂತಹ ಸುರಂಗಗಳು ಅಸಂಖ್ಯ. ಮುರದಲ್ಲಿ ಇಳಿದ ನೀರು ಕೆಳಗಿನ ಮಣ್ಣಿನ ಪದರದ ಮೇಲೆ ತಡೆದು ಅಡ್ಡಕ್ಕೆ ಹರಿಯುತ್ತದೆಂಬ ತತ್ತ್ವದ ಮೇಲೆ ಅವೆಲ್ಲ ನಿಂತಿವೆ. ನೀರನ್ನು ಮೇಲೆತ್ತುವ ಯಂತ್ರ ಬೇಡ. ಅದು ತಾನಾಗಿ ಹೊರಗೆ ಬರುವುದು. ಬರೆಯನ್ನು ಜಾರಿಸುವ ನೀರೂ, ತೋಟವನ್ನು ಬೆಳೆಸುವ ನೀರೂ ಒಂದೇ. ಅದಕ್ಕೆ ದಾರಿ ಕೊಟ್ಟವನಿಗೆ ತೋಟ, ಕೊಡದವನಿಗೆ ಕುಸಿತ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಳಾಧ್ಯಾಯದಲ್ಲಿ ಗಿಡಮರಗಳಿಂದಲೂ ಹುತ್ತಗಳಿಂದಲೂ ಅಂತರ್ಜಲವನ್ನು ಊಹಿಸುವ ಕ್ರಮವನ್ನು ಹೇಳಿದ್ದಾನೆ. ಅವನು ಹೇಳಿದುದೆಲ್ಲವೂ ಸತ್ಯವೆಂದು ಎದೆ ತಟ್ಟಿಕೊಳ್ಳುವುದರಲ್ಲಿ ಪುರುಷಾರ್ಥವಿಲ್ಲ. ಸುಳ್ಳೆಂದು ತಳ್ಳಿಹಾಕುವುದೂ ಪಾಂಡಿತ್ಯವಲ್ಲ. ಬಾವಿಯ ಅಳತೆಗೋಲನ್ನು ಹಿಡಿದು ಹೋಗಿ ಪರೀಕ್ಷಿಸುವುದೇ ವಿದ್ಯಾರ್ಥಿಯ ಧರ್ಮ.

ನಮ್ಮ ಸಲಹೆಗೆ ಆಕ್ಷೇಪಗಳು ಬಾರದಿರವು. ಪಠ್ಯಕ್ರಮವನ್ನು ಮುಗಿಸಲು ಹೊತ್ತೇ ಸಾಲದು, ಹೊರಸಂಚಾರಕ್ಕೆ ಎಡೆಯೆಲ್ಲಿ ಎಂದು ಅಧ್ಯಾಪಕರು ಕೇಳುವರು. ಖರ್ಚೆಲ್ಲಿಂದ ಎಂದು ಆಡಳಿತದವರು ಕೇಳುವರು. ಕೋರೆಯಲ್ಲಿ, ಕಡಲಂಚಿನಲ್ಲಿ ಅಪಾಯವಾದರೆ ಹೊಣೆ ಯಾರದೆಂದು ತಂದೆತಾಯಿಗಳು ಕೇಳುವರು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಬಸ್ಸು ಒಂದು ಗಂಟೆಯಲ್ಲಿ ತಲಪುವ ಸ್ಥಳಗಳಿಗೆ ಲಕ್ಷಗಟ್ಟಲೆ ಹಣ ಬೇಡ. ಮಳೆ ನಿಂತು ದೀಪಾವಳಿ ಕಳೆದ ಮೇಲೆ, ತಿಳಿದವರ ಜೊತೆಯಲ್ಲಿ, ಜರಿಯುವ ಬರೆಯ ಬುಡಕ್ಕೆ ಹೋಗದೆ ನೋಡಿಬಂದರೆ ಅಪಾಯವೂ ಅಲ್ಪ. ಹೊತ್ತಿನ ಮಾತಿಗೆ ಉತ್ತರವು ಅಂಕಗಳಲ್ಲಿದೆ: ಹೊರಸಂಚಾರಕ್ಕೆ ಪರೀಕ್ಷೆಯಲ್ಲಿ ಅಂಕವಿದ್ದರೆ ಹೊತ್ತು ತಾನಾಗಿ ಹುಟ್ಟುವುದು. ಅಂಕವಿಲ್ಲದ ಸಂಚಾರವು ವನಭೋಜನವಾಗಿ ಮುಗಿಯುವುದನ್ನು ನಾವೆಲ್ಲ ಕಂಡಿದ್ದೇವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಸ್ತ್ರಗಳ ನಡುವಣ ಗೋಡೆಗಳನ್ನು ಒಡೆಯಬೇಕೆಂದು ಸಾರಿತು. 2021ರಲ್ಲಿ ನಮ್ಮ ರಾಜ್ಯವು ಅದನ್ನು ಎಲ್ಲರಿಗಿಂತ ಮೊದಲು ಕಾಲೇಜುಗಳಲ್ಲಿ ಜಾರಿಗೆ ತಂದಿತು. 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಹಿಂದಿರುಗಿತು. ಈ ಬದಲಾವಣೆಗಳ ಗುಣದೋಷಗಳು ಇಲ್ಲಿ ನಮ್ಮ ವಿಷಯವಲ್ಲ. ಪದವಿಯ ವರ್ಷ ಮೂರಾಗಲಿ ನಾಲ್ಕಾಗಲಿ, ವಿದ್ಯಾರ್ಥಿಯು ಕುಳಿತಿರುವುದು ಅದೇ ಬೆಂಚಿನ ಮೇಲೆ. ಆ ಬೆಂಚಿನಿಂದ ಅವನನ್ನು ಎಬ್ಬಿಸಲು ಯಾವ ನೀತಿಯ ಅಪ್ಪಣೆಯೂ ಬೇಕಾಗಿಲ್ಲ.

ಆದುದರಿಂದ ನಾವು ನಾಲ್ಕು ಸೂಚನೆಗಳನ್ನು ಮುಂದಿಡುತ್ತೇವೆ. ಒಂದನೆಯದಾಗಿ, ಭೂಗರ್ಭಶಾಸ್ತ್ರವನ್ನೋ ಅದರ ನೆರೆಯ ವಿಷಯಗಳನ್ನೋ ಬೋಧಿಸುವ ಪ್ರತಿಯೊಂದು ಕಾಲೇಜಿನಲ್ಲಿಯೂ ವರ್ಷಕ್ಕೆ ಕೆಲವು ದಿನಗಳ ಹೊರಸಂಚಾರವು ವೇಳಾಪಟ್ಟಿಯಲ್ಲಿಯೂ ಅಂಕಪಟ್ಟಿಯಲ್ಲಿಯೂ ಸೇರಬೇಕು. ಎರಡನೆಯದಾಗಿ, ಅದು ಒಂದು ವಿಭಾಗದ ಸಂಚಾರವಾಗಿರದೆ, ರಸಾಯನ, ಸಸ್ಯ, ಚರಿತ್ರೆ, ಅರ್ಥಶಾಸ್ತ್ರ, ಇಂಜಿನಿಯರಿಂಗ್ ವಿಭಾಗಗಳ ಕೂಡುಶಿಬಿರವಾಗಬೇಕು. ಮೂರನೆಯದಾಗಿ, ಬಾವಿ ತೋಡುವವರನ್ನೂ, ಸುರಂಗ ಕೊರೆಯುವವರನ್ನೂ, ಕೋರೆಯ ಕಲ್ಲುಕುಟಿಗರನ್ನೂ ಗೌರವಧನ ಕೊಟ್ಟು ಅಧ್ಯಾಪಕರಾಗಿ ಕರೆಯಬೇಕು. ನಾಲ್ಕನೆಯದಾಗಿ, ವಿದ್ಯಾರ್ಥಿಗಳು ತಮ್ಮ ತಮ್ಮ ಗ್ರಾಮದ ಕಡಿದ ಬರೆಗಳನ್ನೂ ಒರತೆಗಳನ್ನೂ ನಕ್ಷೆಯಲ್ಲಿ ಗುರುತಿಸಿ, ಕನ್ನಡದಲ್ಲಿ ವರದಿ ಬರೆದು, ಮಳೆಗಾಲಕ್ಕೆ ಮೊದಲು ಗ್ರಾಮಪಂಚಾಯತಿಗೂ ನಗರದಲ್ಲಾದರೆ ಮಹಾನಗರಪಾಲಿಕೆಗೂ ಒಪ್ಪಿಸಬೇಕು. ಅಧಿಕಾರಿಗಳು ಆ ವರದಿಗಳನ್ನು ಕಪಾಟಿಗೆ ಸೇರಿಸದೆ ಓದಬೇಕು.

ಈ ನಾಲ್ಕನೆಯ ಸೂಚನೆಯೇ ನಮಗೆ ಎಲ್ಲಕ್ಕಿಂತ ಮುಖ್ಯ. ಇಂದು ಬೆಂಚಿನ ಮೇಲೆ ಕುಳಿತಿರುವ ತರುಣ ತರುಣಿಯರು ನಾಳೆ ಇಂಜಿನಿಯರುಗಳೂ, ತಹಶೀಲ್ದಾರರೂ, ಪಂಚಾಯತಿ ಸದಸ್ಯರೂ, ಮನೆ ಕಟ್ಟುವ ಗೃಹಸ್ಥರೂ ಆಗುವವರು. ಗುಡ್ಡದ ಬುಡಕ್ಕೆ ಯಂತ್ರವನ್ನು ತರುವ ಮೊದಲು ಒಂದು ಗಳಿಗೆ ನಿಂತು, ಕೆಳಗೆ ಶೇಡಿಯುಂಟೆ, ನೀರಿಗೆ ದಾರಿಯುಂಟೆ ಎಂದು ಕೇಳುವ ಅಭ್ಯಾಸವು ಅವರಲ್ಲಿ ಬೇರೂರಿದರೆ, ಬಂಗ್ಲೆಗುಡ್ಡೆಯಲ್ಲಿ ನಡೆದುದು ಇನ್ನೊಂದು ಮನೆಯಲ್ಲಿ ನಡೆಯದೆ ಹೋದೀತು. ದೇಶಸೇವೆಯೆಂದರೆ ದೊಡ್ಡ ಮಾತುಗಳೇ ಆಗಬೇಕೆಂದಿಲ್ಲ. ತಾನು ನಿಂತ ನೆಲವನ್ನು ಸರಿಯಾಗಿ ತಿಳಿದುಕೊಳ್ಳುವುದೂ ದೇಶಸೇವೆಯೇ. ಮುಂದಿನ ಮಳೆಗಾಲಕ್ಕೆ ಮೊದಲೇ ಒಂದೆರಡು ಕಾಲೇಜುಗಳಾದರೂ ಈ ಕೆಲಸವನ್ನು ತೊಡಗಿ ಉಳಿದವರಿಗೆ ದಾರಿ ತೋರುವುವೆಂದು ನಾವು ಆಶಿಸುತ್ತೇವೆ.